ನೀರು ತಾಗಿದರೆ ಎಚ್ಚರಾಗುವ ಜೇನು

ತಿಪಟೂರು ಕಡೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ನೊಗ ಉಜ್ಜಿ ಅವರ ಎತ್ತಿನ ಹೆಗಲು ಹುಣ್ಣಾಗಿದೆ. ಪಶುವೈದ್ಯರು ಬಂದು ತೊಳೆದು, ಇಂಜೆಕ್ಷನ್ ಕೊಟ್ಟು, ‘ಮನೆಯಲ್ಲಿ ಕಾಯಿಸದ ಒಳ್ಳೆ ಜೇನುತುಪ್ಪ ಇದ್ದರೆ ಬಟ್ಟೆಗೆ ಬಳಿದು ಕಟ್ಟಿ, ದಿನಾ ಬದಲಾಯಿಸಿ’ ಎಂದು ಹೇಳಿ ಹೋದರಂತೆ. ಮನೆಯ ಅಜ್ಜಿ ಮಾತ್ರ ಸುತರಾಂ ಒಪ್ಪುತ್ತಿಲ್ಲ. ‘ಗಾಯ ಆದೋರು ಸಿಹಿ ತಿಂದ್ರೆ ಕೀವಾಗುತ್ತೆ ಅಂತ ನಾವು ಬೆಲ್ಲಾನೂ ಮುಟ್ಟಿಸಲ್ಲ. ಇವರು ಹುಣ್ಣಿನ ಮೇಲೇ ಜೇನು ಹಾಕಿ ಅಂತಾರಲ್ಲ!’ ಎಂಬುದು ಅವರ ವಾದ. ಯಾರ ಮಾತು ಕೇಳಲಿ ಎಂದು ಮೊಮ್ಮಗನ ಪ್ರಶ್ನೆ.

ವೈದ್ಯರ ಮಾತು ಕೇಳಿ. ಆದರೆ ಅಜ್ಜಿಯ ಮಾತನ್ನು ತಳ್ಳಿಹಾಕಬೇಡಿ. ಸಿಹಿ ತಿಂದರೆ ಗಾಯ ಕೀವು ಕಟ್ಟುತ್ತದೆ ಎಂಬುದಕ್ಕೆ ಆಧಾರವಿಲ್ಲ. ಸಕ್ಕರೆ ಕಾಯಿಲೆ ಇದ್ದವರ ಸಂಗತಿ ಬೇರೆ. ಒದ್ದೆ ಗಾಯದ ಮೇಲೆ ಸಿಹಿ ಬಿದ್ದರೆ ಕೊಳೆಯಬೇಕಲ್ಲ ಎಂಬ ಅನುಮಾನ ಇದೆಯಲ್ಲ, ಅದು ಮಾತ್ರ ಬಲು ಒಳ್ಳೆಯ ಅನುಮಾನ. ಅದರ ಪೂರ್ತಿ ಉತ್ತರ ಸಿಗಲು ವಿಜ್ಞಾನಿಗಳಿಗೆ ಕಾಲು ಶತಮಾನ ಹಿಡಿಯಿತು.

ಜೇನು ಬಾಟಲಿಯಲ್ಲಿ ಕೆಡುವುದಿಲ್ಲ ಏಕೆಂಬುದು ಸುಲಭದ ಲೆಕ್ಕ. ಉಪ್ಪಿನಕಾಯಿ ಕೆಡದಿರುವುದೂ ಅದೇ ಕಾರಣಕ್ಕೆ. ಜೇನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆ, ನೀರು 20 ಪಾಲಿನೊಳಗೆ. ಆ ನೀರನ್ನೂ ಸಕ್ಕರೆ ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ. ಅಲ್ಲಿಗೆ ಬಿದ್ದ ಬ್ಯಾಕ್ಟೀರಿಯಾದ ಮೈಯೊಳಗಿನ ನೀರೇ ಹೊರಕ್ಕೆ ಸೆಳೆದುಹೋಗಿ ಅದು ಬಾಡುತ್ತದೆ. ಸಾಲದ್ದಕ್ಕೆ ಜೇನು ಹುಳಿ ಪದಾರ್ಥ. ನಾಲಿಗೆಗೆ ಗೊತ್ತಾಗದಿದ್ದರೂ ಅದರ ಪಿಎಚ್ ಸುಮಾರು 4.

ಆದರೆ ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದರೆ ಏನಾಗುತ್ತದೆಂದು ಅಜ್ಜಿಗೆ ಚೆನ್ನಾಗಿ ಗೊತ್ತು. ವಾರದೊಳಗೆ ಬೂಷ್ಟು. ಹಸಿ ಗಾಯವಂತೂ ಒದ್ದೆ ಸೌಟಿಗಿಂತ ಒದ್ದೆ. ಅದರಿಂದ ರಸ ಸೋರುತ್ತಲೇ ಇರುತ್ತದೆ. ಮೇಲೆ ಬಳಿದ ಜೇನು ಕೆಲವು ಗಂಟೆಗಳಲ್ಲಿ ಪಾನಕದಂತೆ ತೆಳ್ಳಗಾಗಿಬಿಡುತ್ತದೆ. ಉಪ್ಪಿನಕಾಯಿಯ ಲೆಕ್ಕದಲ್ಲಿ ಅಲ್ಲಿಂದಾಚೆಗೆ ಅದು ಕೀಟಾಣುಗಳಿಗೆ ಹಬ್ಬದೂಟವಾಗಬೇಕು. ಆಗುವುದಿಲ್ಲ! ತೆಳ್ಳಗಾದ ಜೇನು ಗಟ್ಟಿ ಜೇನಿನಲ್ಲಿ ಇಲ್ಲದ ಒಂದು ಶಕ್ತಿಯನ್ನು ಪಡೆದುಕೊಳ್ಳುತ್ತದೆ. ಜೇನಿನ ಬಗ್ಗೆ ಇದಕ್ಕಿಂತ ಸೊಗಸಾದ ಸಂಗತಿಯನ್ನು ನಾನು ಓದಿಲ್ಲ.

1937ರಲ್ಲಿ ಜರ್ಮನಿಯ ಸಂಶೋಧಕರು ಜೇನಿನಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುವ ಏನೋ ಒಂದು ಇದೆ ಎಂದು ಕಂಡುಕೊಂಡು ಅದಕ್ಕೆ ‘ಇನ್‌ಹಿಬಿನ್’ ಎಂದು ಹೆಸರಿಟ್ಟರು. ಹೆಸರೇನೋ ಬಂತು, ವಸ್ತು ಯಾವುದೆಂದು ತಿಳಿಯಲಿಲ್ಲ. ಕಾಯಿಸಿದರೆ ಅದು ಮಾಯವಾಗುತ್ತಿತ್ತು, ಬೆಳಕಿಗಿಟ್ಟರೂ ಕುಂದುತ್ತಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಜೊನಾಥನ್ ವೈಟ್ ಮತ್ತು ಸಂಗಡಿಗರು ಅದನ್ನು ಗುರುತಿಸಿದರು. ಅದು ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯಲು ಔಷಧದ ಅಂಗಡಿಯಲ್ಲಿ ಕೊಡುತ್ತಾರಲ್ಲ, ನೊರೆ ಉಕ್ಕುವ ದ್ರಾವಣ, ಅದೇ.

ಜೇನಿನೊಳಗೆ ಪೆರಾಕ್ಸೈಡ್ ಎಲ್ಲಿಂದ ಬಂತು? ಇದಕ್ಕೆ ಗೂಡಿನೊಳಗೆ ಹೋಗಬೇಕು. ಹೂವಿನಿಂದ ತಂದ ಮಕರಂದ ನೀರುನೀರು. ಎಷ್ಟೋ ಸಲ ಅದರಲ್ಲಿ ಸಕ್ಕರೆಗಿಂತ ನೀರೇ ಹೆಚ್ಚು. ಗೂಡಿನೊಳಗಿನ ಸೆಕೆ ಸುಮಾರು 35 ಡಿಗ್ರಿ. ದೋಸೆ ಹಿಟ್ಟು ಹುದುಗು ಬರಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಕೆಲಸಗಾರ ನೊಣಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿ, ಎರಿಯ ಕಣ್ಣುಗಳಲ್ಲಿ ಹರಡಿ, ರೆಕ್ಕೆ ಬೀಸಿ ಬೀಸಿ ನೀರಾರಿಸಿ ಹದಕ್ಕೆ ತರಲು ಕೆಲವು ದಿನಗಳೇ ಬೇಕು. ಆ ನಡುವೆ ಮಕರಂದ ಹುಳಿತುಹೋಗದಂತೆ ಕಾಯಬೇಕಲ್ಲ? ಅದಕ್ಕಾಗಿ ನೊಣ ತನ್ನ ತಲೆಯಲ್ಲಿರುವ ಗ್ರಂಥಿಯಿಂದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಅದಕ್ಕೆ ಬೆರೆಸುತ್ತದೆ. ಈ ಕಿಣ್ವ ಗ್ಲೂಕೋಸನ್ನೂ ಗಾಳಿಯ ಆಮ್ಲಜನಕವನ್ನೂ ಹಿಡಿದು ಎರಡು ಸರಕು ಮಾಡುತ್ತದೆ: ಒಂದು ಗ್ಲುಕಾನಿಕ್ ಆಮ್ಲ, ಜೇನಿನ ಹುಳಿಗೆ ಮುಖ್ಯ ಕಾರಣ, ಇನ್ನೊಂದು ಹೈಡ್ರೋಜನ್ ಪೆರಾಕ್ಸೈಡ್, ಕೀಟಾಣುಗಳಿಗೆ ವಿಷ.

ಜೇನು ಹದವಾಗುತ್ತಿದ್ದಂತೆ ನೀರು ಕಡಿಮೆಯಾಗುತ್ತದೆ, ಹುಳಿ ಏರುತ್ತದೆ, ಕಿಣ್ವದ ಕೆಲಸ ನಿಂತುಹೋಗುತ್ತದೆ. ಹಾಳಾಗುವುದಿಲ್ಲ, ಸುಮ್ಮನೆ ಮಲಗುತ್ತದೆ. ಮೇಲೆ ಮೇಣದ ಮುಚ್ಚಳ ಬೀಳುತ್ತದೆ. ಈಗ ಆ ಜೇನನ್ನು ಎತ್ತಿನ ಹೆಗಲಿಗೆ ಬಳಿಯಿರಿ. ಗಾಯದ ರಸ ಸೇರಿ ನೀರಾಗುತ್ತದೆ, ಹುಳಿ ತಗ್ಗುತ್ತದೆ, ಕಿಣ್ವಕ್ಕೆ ಎಚ್ಚರವಾಗುತ್ತದೆ. ಅದರ ಮಟ್ಟಿಗೆ ಇದು ಎತ್ತಿನ ಹೆಗಲಲ್ಲ, ಆಗತಾನೆ ಗೂಡಿಗೆ ಬಂದ ಮಕರಂದ. ಕಾವಲು ಮತ್ತೆ ಶುರು. ನೊಣ ತನ್ನ ಮನೆಯ ದಿನಸಿ ಕಾಯಲು ಇಟ್ಟ ಕಾವಲುಗಾರ ಯಾವುದೋ ಪ್ರಾಣಿಯ ಮೈಮೇಲೆ ಎದ್ದು ಕೂತು ಅದೇ ಕೆಲಸ ಮಾಡುತ್ತದೆ!

ಪ್ರಮಾಣವನ್ನೂ ನೋಡಿ. ತೆಳ್ಳಗಾದ ಜೇನಿನಲ್ಲಿರುವ ಪೆರಾಕ್ಸೈಡ್, ಅಂಗಡಿಯ 3 ಪರ್ಸೆಂಟ್ ದ್ರಾವಣದಲ್ಲಿರುವುದಕ್ಕಿಂತ ಸುಮಾರು ಸಾವಿರ ಪಾಲು ಕಡಿಮೆ. ಬಾಟಲಿಯಿಂದ ಸುರಿದದ್ದು ಬುಸ್ಸೆಂದು ನೊರೆ ಬಂದು ಮುಗಿಯುತ್ತದೆ. ಆ ನೊರೆ ಕಂಡು ಕೀಟಾಣು ಸತ್ತವೆಂದು ಜನ ಖುಷಿಪಡುತ್ತಾರೆ, ದಿನಾ ಸುರಿಯುತ್ತಾರೆ. ನೊರೆ ಬರುವುದು ನಮ್ಮ ರಕ್ತ-ಮಾಂಸದಲ್ಲಿರುವ ಇನ್ನೊಂದು ಕಿಣ್ವ ಪೆರಾಕ್ಸೈಡನ್ನು ಒಡೆಯುವುದರಿಂದ. ಮತ್ತೆ ಮತ್ತೆ ಸುರಿದರೆ ಹೊಸದಾಗಿ ಹುಟ್ಟುತ್ತಿರುವ ಮಾಂಸವೂ ಸುಡುತ್ತದೆ. ಜೇನಿನದು ಹನಿ ನೀರಾವರಿ. ತೆಂಗಿನ ಬುಡಕ್ಕೆ ತೊಟ್ಟು ತೊಟ್ಟಾಗಿ ನೀರು ಬಿಟ್ಟ ಹಾಗೆ ಸ್ವಲ್ಪ ಸ್ವಲ್ಪವೇ, ಗಂಟೆಗಟ್ಟಲೆ.

ಇಷ್ಟು ತಿಳಿದ ಮೇಲೆ ಜೇನನ್ನು ಒಲೆಯ ಮೇಲಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಚಳಿಗಾಲದಲ್ಲಿ ಜೇನು ಹರಳುಗಟ್ಟುತ್ತದೆ. ದಕ್ಷಿಣ ಕನ್ನಡದ ರಬ್ಬರ್ ತೋಟದ ಜೇನಂತೂ ಬಹುಬೇಗ ತುಪ್ಪದಂತೆ ಗಟ್ಟಿಯಾಗುತ್ತದೆ. ಕೂಡಲೇ ‘ಸಕ್ಕರೆ ಪಾಕ ಬೆರೆಸಿದ್ದಾರೆ’ ಎಂಬ ತೀರ್ಪು. ಹರಳುಗಟ್ಟುವುದು ಜೇನಿನ ಸ್ವಭಾವ, ಅದರಲ್ಲಿ ಗ್ಲೂಕೋಸ್ ಹೆಚ್ಚಿದ್ದರೆ ಆಗಿಯೇ ಆಗುತ್ತದೆ. ಕರಗಿಸಲು ಕಾಯಿಸಿದಿರೋ, ಮಲಗಿದ್ದ ಕಿಣ್ವ ಸತ್ತೇ ಹೋಗುತ್ತದೆ. ನಾನು ಒಮ್ಮೆ ಗಾಯಕ್ಕೆಂದು ಪೇಟೆಯ ಅಂಗಡಿಯಿಂದ ತಂದ ಬಾಟಲಿ ಮೂರು ಚಳಿಗಾಲ ಕಳೆದರೂ ನೀರಿನಂತೆ ತಿಳಿಯಾಗಿಯೇ ಇತ್ತು. ಅದು ಎಷ್ಟು ಕಾದಿತ್ತೋ, ಅದರಲ್ಲಿ ಏನೇನು ಬೆರೆತಿತ್ತೋ. ಅಂಥದ್ದನ್ನು ರೊಟ್ಟಿಗೆ ಹಚ್ಚಿಕೊಳ್ಳಬಹುದು, ಹುಣ್ಣಿಗಲ್ಲ. ಆಸ್ಪತ್ರೆಗಳಿಗೆಂದು ತಯಾರಿಸುವ ಜೇನನ್ನು ಗಾಮಾ ಕಿರಣ ಹಾಯಿಸಿ ಶುದ್ಧಿ ಮಾಡುತ್ತಾರೆ. ಜೇನಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಅಡಗಿರಬಹುದು, ಅವನ್ನು ಕೊಲ್ಲಬೇಕು, ಕಿಣ್ವವೂ ಉಳಿಯಬೇಕು ಎಂಬುದಕ್ಕೇ ಈ ಏರ್ಪಾಡು.

ನ್ಯೂಜಿಲೆಂಡಿನ ಮನುಕಾ ಜೇನಿನ ದಾರಿ ಬೇರೆ. ಅದರಲ್ಲಿ ಪೆರಾಕ್ಸೈಡ್ ಇಲ್ಲದೆಯೂ ಕೆಲಸ ನಡೆಯುತ್ತದೆ. ಮೀಥೈಲ್ ಗ್ಲೈಆಕ್ಸಾಲ್ ಎಂಬ ವಸ್ತು ಕಾರಣವೆಂದು 2008ರಲ್ಲಿ ತಿಳಿಯಿತು. ಬೆಲೆ ಮಾತ್ರ ಕೈಗೆಟುಕದ್ದು. ನಮ್ಮ ಎತ್ತಿಗೆ ನಮ್ಮ ಕಾಡಿನ ಜೇನು ಸಾಕು.

ಪುರಾವೆ ಎಲ್ಲಿ ಎಂದು ಕೇಳುವವರಿಗೆ: ಸುಶ್ರುತ ಸಂಹಿತೆಯಲ್ಲಿ ಗಾಯಕ್ಕೆ ಜೇನು-ತುಪ್ಪ ಹಚ್ಚುವುದಿದೆ, ಪ್ರಾಚೀನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲೂ ಇದೆ. ಹಳೆಯದೆಂಬ ಕಾರಣಕ್ಕೆ ಯಾವುದೂ ಸರಿಯಾಗುವುದಿಲ್ಲ, ಪರೀಕ್ಷಿಸಬೇಕು. ನಮ್ಮ ವಿಜಯಪುರದ ಪಕ್ಕದ ಸೊಲ್ಲಾಪುರದಲ್ಲೇ ಎಂ. ಸುಬ್ರಹ್ಮಣ್ಯಂ ಎಂಬ ಶಸ್ತ್ರವೈದ್ಯರು 104 ಮಂದಿ ಸುಟ್ಟ ಗಾಯದವರಲ್ಲಿ ಅರ್ಧ ಜನಕ್ಕೆ ಜೇನು, ಉಳಿದರ್ಧಕ್ಕೆ ಸಿಲ್ವರ್ ಸಲ್ಫಾಡಯಾಜಿನ್ ಎಂಬ ಔಷಧ ಹಚ್ಚಿ 1991ರಲ್ಲಿ ವರದಿ ಪ್ರಕಟಿಸಿದರು. ಜೇನು ಹಚ್ಚಿದವರಲ್ಲಿ ಸೋಂಕು ಬೇಗ ಇಳಿದಿತ್ತು, ಗಾಯ ಬೇಗ ಮಾಗಿತ್ತು. ಆಮೇಲೆ ಬಂದ ಎಲ್ಲ ಪ್ರಯೋಗಗಳನ್ನೂ ಅಳೆದು ತೂಗಿದ 2015ರ ಕಾಕ್ರೇನ್ ವಿಮರ್ಶೆ, ತೀರಾ ಆಳವಲ್ಲದ ಸುಟ್ಟ ಗಾಯಕ್ಕೆ ಜೇನು ಒಳ್ಳೆಯದೆಂದೇ ಹೇಳಿತು. ಬೇರೆ ಎಷ್ಟೋ ಬಗೆಯ ಗಾಯಗಳಿಗೆ ಪುರಾವೆ ಸಾಲದು ಎಂದೂ ಹೇಳಿತು. ಎರಡು ಮಾತನ್ನೂ ಒಟ್ಟಿಗೆ ನೆನಪಿಡಬೇಕು.

ಪ್ರಾಣಿಗಳಲ್ಲಿ ಹೆಚ್ಚು ಕೆಲಸ ನಡೆದಿರುವುದು ಕುದುರೆಗಳ ಮೇಲೆ. ಕುದುರೆಯ ಮೊಣಕಾಲಿನ ಕೆಳಗೆ ಮಾಂಸವಿಲ್ಲ, ಚರ್ಮ ಬಿಗಿ. ಅಲ್ಲಿ ಗಾಯವಾದರೆ ಮಾಗಲು ತಿಂಗಳುಗಳು. ಇಸ್ರೇಲಿನ ಪಶುವೈದ್ಯರು ಸೀಳು ಗಾಯವಾದ 127 ಕುದುರೆಗಳಲ್ಲಿ ಕೆಲವಕ್ಕೆ ಹೊಲಿಗೆ ಹಾಕುವ ಮುನ್ನ ಗಾಯದೊಳಕ್ಕೆ ವೈದ್ಯಕೀಯ ಜೇನು ಹಾಕಿದರು, ಕೆಲವಕ್ಕೆ ಹಾಕಲಿಲ್ಲ. ಜೇನು ಬಿದ್ದವುಗಳಲ್ಲಿ ಸೋಂಕು ಕಡಿಮೆ, ಹೊಲಿಗೆ ಸರಿಯಾಗಿ ಕೂಡಿದ್ದು ಹೆಚ್ಚು. ನಮ್ಮಲ್ಲಿ ಕಾಲುಬಾಯಿ ಜ್ವರ ಬಂದ ದನದ ಬಾಯಿ ಹುಣ್ಣಿಗೆ ರಾಗಿಹಿಟ್ಟು, ಜೇನು ಕಲಸಿ ಸವರುತ್ತಾರೆ. ಕೀನ್ಯಾದ ರೈತರೂ ಅದನ್ನೇ ಮಾಡುತ್ತಾರೆಂದು ಓದಿದಾಗ ನನಗೆ ರೋಮಾಂಚನವಾಯಿತು. ಅದರಿಂದ ಹುಣ್ಣಿಗೆ ತಂಪು, ದನ ಮೇವು ಮುಟ್ಟಲು ಸುಲಭ, ಆದರೆ ವೈರಸ್ ಹೋಗುವುದಿಲ್ಲ. ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿಸದೆ ಕೊಟ್ಟಿಗೆಗೆ ತಾಯಿತ ಕಟ್ಟಿ ಕೂರುವುದು ಮೂಕಪ್ರಾಣಿಗೆ ಮಾಡುವ ದ್ರೋಹ. ಹುಣ್ಣಿನ ಸುತ್ತ ಕಬ್ಬಿಣ ಕಾಯಿಸಿ ಬರೆ ಎಳೆಯುವುದು, ಹುಳ ಬಿದ್ದ ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್, ಸುಟ್ಟ ಎಂಜಿನ್ ಆಯಿಲ್ ಸುರಿಯುವುದು ಇನ್ನೂ ನಿಂತಿಲ್ಲ. ಇವೆಲ್ಲ ಗಾಯದ ಮೇಲೆ ಇನ್ನೊಂದು ಗಾಯ.

ಇನ್ನು ಪ್ರೊಪೋಲಿಸ್. ಜೇನಂಟು ಎನ್ನೋಣ. ನೊಣಗಳು ಮರದ ಮೊಗ್ಗು, ತೊಗಟೆಗಳಿಂದ ಅಂಟು ಹೊತ್ತು ತಂದು ಮೇಣ ಬೆರೆಸಿ ಗೂಡಿನ ಬಿರುಕುಗಳಿಗೆ ಮೆತ್ತುತ್ತವೆ. ಗೂಡಿಗೆ ನುಗ್ಗಿ ಸತ್ತ ಇಲಿಯನ್ನು ಹೊರಗೆಳೆಯಲು ಶಕ್ತಿಯಿಲ್ಲದಾಗ ಅದಕ್ಕೇ ಮೆತ್ತಿ, ಕೊಳೆತು ನಾರದಂತೆ ಮುಚ್ಚಿಬಿಡುತ್ತವೆ. ಆದರೆ ನಮ್ಮ ತುಡುವೆ ಜೇನು ಇದನ್ನು ಕೂಡಿಸುವುದೇ ಇಲ್ಲ! ಮಲೆನಾಡಿನ ಪೆಟ್ಟಿಗೆಯಲ್ಲಿ ಪ್ರೊಪೋಲಿಸ್ ಹುಡುಕಿ ಬರಿಗೈಲಿ ಬಂದ ಗೆಳೆಯರಿದ್ದಾರೆ. ಅದು ಸಿಗುವುದು ಹೊರಗಿನಿಂದ ಬಂದ ಮೆಲ್ಲಿಫೆರಾ ಪೆಟ್ಟಿಗೆಯಲ್ಲಿ, ಇಲ್ಲವೇ ಕರಾವಳಿಯವರು ಮುಜಂಟಿ ಎನ್ನುವ, ಉತ್ತರ ಕನ್ನಡದವರು ಮಿಸ್ರಿ ಎನ್ನುವ ಮುಳ್ಳಿಲ್ಲದ ಪುಟ್ಟ ಜೇನಿನ ಗೂಡಿನಲ್ಲಿ. ಹಳೆ ಮನೆಯ ಗೋಡೆಯಿಂದ ಕಪ್ಪು ಕೊಳವೆಯೊಂದು ಹೊರಚಾಚಿರುತ್ತದಲ್ಲ, ಅದು ಅಂಟು-ಮೇಣದ್ದೇ. ಮೆಲ್ಲಿಫೆರಾ ಪೆಟ್ಟಿಗೆಯಿಂದ ಕೆರೆದ ಒಂದು ಚೂರನ್ನು ನಾನು ಬೆಳಗಿನ ಚಳಿಯಲ್ಲಿ ಮುರಿದಾಗ ಗಾಜಿನಂತೆ ಚಟ್ಟೆಂದು ಒಡೆಯಿತು. ಮಧ್ಯಾಹ್ನ ಅದೇ ಚೂರು ಬೆರಳಿಗೆ ಹಲಸಿನ ಮೇಣದಂತೆ ಹತ್ತಿಕೊಂಡು ಎರಡು ದಿನ ಬಿಡಲಿಲ್ಲ.

ಗಾಯಕ್ಕೆ ಇದರ ಉಪಯೋಗದ ಬಗ್ಗೆ ನಾನು ಜೇನಿನಷ್ಟು ಧೈರ್ಯವಾಗಿ ಹೇಳಲಾರೆ. ಸ್ಟೆಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳನ್ನು ಅದು ಪ್ರಯೋಗಾಲಯದಲ್ಲಿ ಚೆನ್ನಾಗಿ ತಡೆಯುತ್ತದೆ. ಆದರೆ ಯಾವ ಮರದ ಅಂಟೋ ಆ ಗುಣ; ಈ ಊರಿನದು ಆ ಊರಿನದರಂತಿಲ್ಲ. ನೀರಿನಲ್ಲಿ ಕರಗುವುದಿಲ್ಲ, ಆಲ್ಕೋಹಾಲ್‌ನಲ್ಲಿ ಕರಗಿಸಬೇಕು, ಆ ದ್ರಾವಣ ಹಸಿ ಗಾಯಕ್ಕೆ ಬಿದ್ದರೆ ಪ್ರಾಣಿ ಉರಿಯಿಂದ ಒದ್ದಾಡುತ್ತದೆ. ಕೆಲವರ ಚರ್ಮಕ್ಕೆ ಅಲರ್ಜಿ. ವೈದ್ಯರು ಹೇಳದೆ ಮುಟ್ಟಬೇಡಿ.

ಜೇನು ಕಟ್ಟುವ ಕ್ರಮ ಮಾತ್ರ ಹೇಳಿಬಿಡುತ್ತೇನೆ. ಶಿರಸಿ ಹತ್ತಿರದ ಬಂಧುಗಳ ಮನೆಯಲ್ಲಿ ಹಸುವೊಂದು ತಂತಿ ಬೇಲಿಗೆ ಕಾಲು ಕೊಟ್ಟು ಗೊರಸಿನ ಮೇಲೆ ಅಂಗೈಯಗಲ ಸೀಳಿಕೊಂಡಿತ್ತು. ಪಶುವೈದ್ಯೆ ಮೊದಲು ಸುತ್ತಲಿನ ಕೂದಲು ಕತ್ತರಿಸಿದರು, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದರು. ಜೇನನ್ನು ಗಾಯದ ಮೇಲೆ ಸುರಿಯಲಿಲ್ಲ. ಮಡಿಸಿದ ಗಾಜ್ ಬಟ್ಟೆಗೆ ಬಳಿದು, ಬಟ್ಟೆ ಜೇನು ಕುಡಿದ ಮೇಲೆ ಗಾಯದ ಮೇಲಿಟ್ಟು, ಹತ್ತಿ ಇಟ್ಟು ಸುತ್ತಿದರು. ಬರೀ ಬಳಿದು ಬಿಟ್ಟರೆ ಇರುವೆ, ನೊಣ, ಹಸುವಿನ ನಾಲಿಗೆ ಮೂರೂ ಬರುತ್ತವೆ. ಮೊದಲ ದಿನಗಳಲ್ಲಿ ರಸ ಹೆಚ್ಚು, ದಿನಕ್ಕೆರಡು ಸಲ ಬದಲಿಸಿದರು. ಆಳದ ತೂತುಗಾಯಕ್ಕೆ, ರಕ್ತ ನಿಲ್ಲದ ಗಾಯಕ್ಕೆ, ಹುಳ ತೆಗೆಯದ ಗಾಯಕ್ಕೆ ಇದು ಸಲ್ಲದು ಎಂದೂ ಹೇಳಿದರು.

ಮೂರನೆಯ ದಿನ ಪಟ್ಟಿ ಬಿಚ್ಚುವಾಗ ನಾನು ಅಲ್ಲಿದ್ದೆ. ಒಣ ಬಟ್ಟೆಯಾಗಿದ್ದರೆ ಮಾಂಸಕ್ಕೆ ಅಂಟಿ, ಕಿತ್ತಾಗ ಹಸು ಒದೆಯುತ್ತಿತ್ತು. ಈ ಬಟ್ಟೆ ತಾನಾಗಿ ಜಾರಿ ಬಂತು, ಹಸು ಮೆಲುಕು ನಿಲ್ಲಿಸಲಿಲ್ಲ. ಮೊದಲ ದಿನದ ಕೊಳೆತ ನಾತ ಇರಲಿಲ್ಲ. ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಸಿಕ್ಕರೆ ಅವು ಮಾಂಸದ ಪ್ರೋಟೀನನ್ನು ಬಿಟ್ಟು ಅದನ್ನೇ ತಿನ್ನುತ್ತವೆ, ಆಗ ನಾರುವ ಅನಿಲಗಳ ಬದಲು ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ. ಮೊಸರಿನಲ್ಲಿರುವ ಹುಳಿ ಅದೇ.

ಆದ್ದರಿಂದ ತಿಪಟೂರಿನ ಸ್ನೇಹಿತರೇ, ಮೂರನೆಯ ದಿನ ಪಟ್ಟಿ ಬಿಚ್ಚುವಾಗ ಅಜ್ಜಿಯನ್ನೂ ಕರೆಯಿರಿ. ಬಟ್ಟೆಯನ್ನು ಅವರೇ ಮೂಸಿ ನೋಡಲಿ, ಕೀವಿದೆಯೇ ಇಲ್ಲವೇ ಎಂದು ಅವರೇ ಹೇಳಲಿ. ಕೀವು ಕಂಡರೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಮತ್ತೆ, ಹೆಗಲಿನ ಮೇಲೆ ಹೊಸ ಕೂದಲು ಬರುವ ತನಕ ಆ ಎತ್ತಿಗೆ ನೊಗ ಕಟ್ಟಬೇಡಿ.