ಸೊನ್ನೆಗೆ ಮರಳುವ ಎಣಿಕೆ

ಮನೆಯ ವಿದ್ಯುತ್ ಮೀಟರಿನ ಒಂದೇ ಅಂಕಿಯಿಂದ ಈ ತಿಂಗಳ ಖರ್ಚನ್ನು ತಿಳಿಯಲಾಗದು. ಹಿಂದಿನ ಅಂಕಿಯನ್ನು ಅದರಿಂದ ಕಳೆಯಬೇಕಷ್ಟೆ. ಗಣಕಜಾಲದಲ್ಲಿಯೂ ಇದೇ ಕ್ರಮ. ಸಂದೇಶಗಳನ್ನು ಸಾಗಿಸುವ ತಂತ್ರಾಂಶವು ಹಾದುಹೋಗುವ ಪ್ರತಿಯೊಂದು ಬೈಟನ್ನೂ, ಎಂದರೆ 8 ಬಿಟ್‌ಗಳ ಕಟ್ಟನ್ನೂ, ಎಣಿಸುತ್ತಿರುತ್ತದೆ. ಎರಡು ವೇಳೆಗಳ ಎಣಿಕೆಯ ವ್ಯತ್ಯಾಸವನ್ನು ನಡುವಣ ಕಾಲದಿಂದ ಭಾಗಿಸಿದರೆ ಸಾಗಣೆಯ ವೇಗವು ದೊರೆಯುತ್ತದೆ.

ಆದರೆ ಇಲ್ಲೊಂದು ಅಪಾಯವುಂಟು. 32 ಬಿಟ್‌ಗಳಲ್ಲಿ ಬರೆದಿಡುವ ಎಣಿಕೆಯು 4,29,49,67,295ನ್ನು ದಾಟಿದೊಡನೆ ಸೊನ್ನೆಗೆ ಮರಳುತ್ತದೆ. ಸೆಕೆಂಡಿಗೆ 100 ಕೋಟಿ ಬಿಟ್‌ಗಳು ಹರಿಯುವ ಮಾರ್ಗದಲ್ಲಿ ಇದಕ್ಕೆ ಸುಮಾರು 34 ಸೆಕೆಂಡುಗಳೇ ಸಾಕು! ನಿಮಿಷಕ್ಕೊಮ್ಮೆ ಅಂಕಿ ನೋಡುವವನಿಗೆ ಈ ನಡುವಣ ಸುತ್ತು ಗೋಚರಿಸದು. ತುಂಬಿ ಹರಿಯುತ್ತಿರುವ ಮಾರ್ಗವು ಅರ್ಧಕ್ಕಿಂತಲೂ ಹೆಚ್ಚು ಬರಿದಾಗಿರುವಂತೆ ತೋರುತ್ತದೆ. ಅದನ್ನು ನಂಬಿ ಅವನು ಇನ್ನಷ್ಟು ಹೊರೆ ಹೊರಿಸಿದರೆ ಸಂದೇಶಗಳು ತಡೆಯುತ್ತವೆ, ಕಳೆದುಹೋಗುತ್ತವೆ. ಎಣಿಕೆಗೆ 64 ಬಿಟ್‌ಗಳನ್ನು ಕೊಟ್ಟರೋ, ಅದೇ ವೇಗದಲ್ಲಿ ಒಂದು ಸುತ್ತಿಗೆ 4,600 ವರ್ಷಗಳೂ ಸಾಲವು!