ಮಾಹಿತಿ ತಂತ್ರಜ್ಞಾನ ಪ್ರಮಾಣಪತ್ರ ಪರೀಕ್ಷೆಗಳ ಸಿದ್ಧತೆ

ಮಾಹಿತಿ ತಂತ್ರಜ್ಞಾನ ಪ್ರಮಾಣಪತ್ರ ಪರೀಕ್ಷೆಗಳು ಕಂಪ್ಯೂಟರ್ ಬಳಕೆ, ಜಾಲ ನಿರ್ವಹಣೆ, ಕ್ಲೌಡ್ ಸೇವೆ, ತಂತ್ರಾಂಶ ರಚನೆ ಮೊದಲಾದ ವಿಷಯಗಳಲ್ಲಿ ಅಭ್ಯರ್ಥಿಯ ಜ್ಞಾನ ಮತ್ತು ಕೌಶಲಗಳನ್ನು ನಿಗದಿತ ಅವಧಿಯೊಳಗೆ ಅಳೆಯುವ ಪರೀಕ್ಷೆಗಳಾಗಿವೆ. ಇವುಗಳಲ್ಲಿ ಹೆಚ್ಚಿನವು ಕಂಪ್ಯೂಟರಿನಲ್ಲಿಯೇ ನಡೆಯುತ್ತವೆ. ಉಳಿದಿರುವ ಸಮಯವನ್ನು ಪರದೆಯ ಮೇಲಿನ ಗಡಿಯಾರ ತೋರಿಸುತ್ತಿರುತ್ತದೆ. ಅವಧಿ ತೀರಿದೊಡನೆ ಪರೀಕ್ಷೆ ತಾನಾಗಿಯೇ ಮುಕ್ತಾಯಗೊಳ್ಳುತ್ತದೆ. ಶಾಲಾ ಪರೀಕ್ಷೆಗಳಂತೆ ಅರ್ಧ ಬರೆದ ಉತ್ತರಕ್ಕೆ ಅರ್ಧ ಅಂಕ ದೊರೆಯುವ ಅವಕಾಶ ಇಲ್ಲಿ ವಿರಳ. ಆದುದರಿಂದ ವಿಷಯಜ್ಞಾನದ ಜೊತೆಗೆ ಸಮಯವನ್ನು ಹಂಚಿಕೊಳ್ಳುವ ಅಭ್ಯಾಸವೂ ಫಲಿತಾಂಶವನ್ನು ನಿರ್ಧರಿಸುತ್ತದೆ. ಈ ಲೇಖನವು ಅಂತಹ ಪರೀಕ್ಷೆಗಳ ಸ್ವರೂಪವನ್ನೂ ಸಿದ್ಧತೆಯ ಕ್ರಮವನ್ನೂ ವಿವರಿಸುತ್ತದೆ. ಪರೀಕ್ಷಾ ಕೇಂದ್ರಗಳಿಂದ ದೂರವಿರುವ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಪರಿಸ್ಥಿತಿಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಪರೀಕ್ಷೆಗಳ ವಿಧಗಳು

ಕರ್ನಾಟಕದ ಅಭ್ಯರ್ಥಿಗಳು ಎದುರಿಸುವ ಇಂತಹ ಪರೀಕ್ಷೆಗಳನ್ನು ಸ್ಥೂಲವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ರಾಜ್ಯ ಸರ್ಕಾರಿ ನೌಕರರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ. 2012ರಲ್ಲಿ ಹೊರಡಿಸಲಾದ ನಿಯಮಗಳಂತೆ ಇದು ಜಾರಿಗೆ ಬಂದಿತು. ಪರೀಕ್ಷೆಯನ್ನು ಕಿಯೋನಿಕ್ಸ್ ಸಂಸ್ಥೆ ನಡೆಸಿದೆ. ನಿಯಮಗಳ ವ್ಯಾಪ್ತಿಗೆ ಬರುವ ನೌಕರನು ಇದರಲ್ಲಿ ಉತ್ತೀರ್ಣನಾಗದಿದ್ದರೆ ಪ್ರೊಬೇಷನ್ ಅವಧಿಯ ಘೋಷಣೆ, ವಾರ್ಷಿಕ ವೇತನ ಬಡ್ತಿ ಮತ್ತು ಪದೋನ್ನತಿಗಳಿಗೆ ಅಡಚಣೆಯಾಗುತ್ತದೆ. ಉತ್ತೀರ್ಣರಾಗಲು ನೀಡಿದ್ದ ಗಡುವನ್ನು ಸರ್ಕಾರ ಹಲವು ಬಾರಿ ವಿಸ್ತರಿಸಿರುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಚಾಲ್ತಿಯಲ್ಲಿರುವ ಆದೇಶವನ್ನು ನೋಡಿಕೊಳ್ಳಬೇಕಾಗುತ್ತದೆ.

ಎರಡನೆಯದು ಕೇಂದ್ರ ಸರ್ಕಾರದ ಅಧೀನದಲ್ಲಿರುವ ನೀಲಿಟ್ ಸಂಸ್ಥೆಯ ಸಿಸಿಸಿ ಪರೀಕ್ಷೆ. ಇದರಲ್ಲಿ 90 ನಿಮಿಷಗಳಲ್ಲಿ 100 ವಸ್ತುನಿಷ್ಠ ಪ್ರಶ್ನೆಗಳಿಗೆ ಉತ್ತರಿಸಬೇಕು. ಉತ್ತೀರ್ಣತೆಗೆ ಶೇಕಡಾ 50 ಅಂಕಗಳು ಅಗತ್ಯ. ಮೂರನೆಯದು ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಪಠ್ಯಕ್ರಮಗಳ ಅಂತಿಮ ಪರೀಕ್ಷೆ. ಇದರ ಅವಧಿ 180 ನಿಮಿಷ. ವಾರವಾರದ ಅಭ್ಯಾಸಗಳಿಗೆ 25 ಮತ್ತು ಅಂತಿಮ ಪರೀಕ್ಷೆಗೆ 75 ಅಂಕಗಳ ತೂಕವಿರುತ್ತದೆ.

ನಾಲ್ಕನೆಯ ಗುಂಪಿನಲ್ಲಿ ಕಂಪನಿಗಳು ಹಾಗೂ ಉದ್ಯಮ ಸಂಘಟನೆಗಳು ನಡೆಸುವ ಅಂತರರಾಷ್ಟ್ರೀಯ ಪರೀಕ್ಷೆಗಳಿವೆ. ಅಮೆಜಾನ್ ವೆಬ್ ಸರ್ವಿಸಸ್‌ನ ಕ್ಲೌಡ್ ಪ್ರಾಕ್ಟೀಷನರ್ ಪರೀಕ್ಷೆಯಲ್ಲಿ 90 ನಿಮಿಷಗಳಿಗೆ 65 ಪ್ರಶ್ನೆಗಳಿರುತ್ತವೆ. ಕಾಂಪ್‌ಟಿಯಾದ ಎ ಪ್ಲಸ್ ಪ್ರಮಾಣಪತ್ರಕ್ಕೆ ಎರಡು ಪರೀಕ್ಷೆಗಳಿದ್ದು, ಪ್ರತಿಯೊಂದರಲ್ಲಿಯೂ 90 ನಿಮಿಷಗಳಿಗೆ ಗರಿಷ್ಠ 90 ಪ್ರಶ್ನೆಗಳಿರುತ್ತವೆ. ಸಿಸ್ಕೊದ ಸಿಸಿಎನ್‌ಎ ಪರೀಕ್ಷೆಯ ಅವಧಿ 120 ನಿಮಿಷ.

ಸಮಯದ ಲೆಕ್ಕ

ಸಿದ್ಧತೆಯ ಮೊದಲ ಹೆಜ್ಜೆ ಒಂದು ಪ್ರಶ್ನೆಗೆ ದೊರೆಯುವ ಸಮಯವನ್ನು ಕಂಡುಕೊಳ್ಳುವುದು. ಸಿಸಿಸಿಯಲ್ಲಿ ಇದು 54 ಸೆಕೆಂಡುಗಳಾದರೆ, ಕ್ಲೌಡ್ ಪ್ರಾಕ್ಟೀಷನರ್‌ನಲ್ಲಿ ಸುಮಾರು 83 ಸೆಕೆಂಡುಗಳು. ಆದರೆ ಈ ಸರಾಸರಿಯನ್ನು ಪ್ರತಿ ಪ್ರಶ್ನೆಗೂ ಸಮನಾಗಿ ಹಂಚುವುದು ಸರಿಯಾದ ಕ್ರಮವಲ್ಲ. ಗೊತ್ತಿರುವ ಪ್ರಶ್ನೆ ಅದಕ್ಕಿಂತ ಬೇಗ ಮುಗಿಯುತ್ತದೆ. ಗೊಂದಲದ ಪ್ರಶ್ನೆ ಅದರ ಎರಡರಷ್ಟು ಸಮಯ ಬೇಡುತ್ತದೆ. ಸುಲಭದ ಪ್ರಶ್ನೆಗಳಲ್ಲಿ ಉಳಿಸಿದ್ದನ್ನು ಕಠಿಣ ಪ್ರಶ್ನೆಗಳಿಗೆ ವ್ಯಯಿಸುವುದೇ ಕಾಲವಿನಿಯೋಗದ ಸಾರ.

ಇದಕ್ಕಾಗಿ ಮೂರು ಸುತ್ತುಗಳ ಕ್ರಮವನ್ನು ಅನುಸರಿಸಬಹುದು. ಮೊದಲ ಸುತ್ತಿನಲ್ಲಿ ಓದಿದೊಡನೆ ಉತ್ತರ ಹೊಳೆಯುವ ಪ್ರಶ್ನೆಗಳನ್ನು ಮಾತ್ರ ಬಿಡಿಸಿ, ಉಳಿದವುಗಳಿಗೆ ಮರುಪರಿಶೀಲನೆಯ ಗುರುತು ಹಾಕಿ ಮುಂದೆ ಸಾಗಬೇಕು. ಸಿಸಿಸಿಯ 100 ಪ್ರಶ್ನೆಗಳಲ್ಲಿ 70 ಪ್ರಶ್ನೆಗಳು ತಲಾ 30 ಸೆಕೆಂಡುಗಳಲ್ಲಿ ಮುಗಿದರೆ 35 ನಿಮಿಷಗಳು ಸಲ್ಲುತ್ತವೆ. ಉಳಿದ 55 ನಿಮಿಷಗಳಲ್ಲಿ ಕೊನೆಯ 10 ನಿಮಿಷಗಳನ್ನು ಪರಿಶೀಲನೆಗೆ ಮೀಸಲಿಟ್ಟರೂ, ಬಾಕಿಯಿರುವ 30 ಪ್ರಶ್ನೆಗಳಿಗೆ ತಲಾ ಒಂದೂವರೆ ನಿಮಿಷ ದೊರೆಯುತ್ತದೆ. ಕಠಿಣ ಪ್ರಶ್ನೆಯೊಂದರ ಮುಂದೆ ಮೊದಲಿಗೇ ಐದು ನಿಮಿಷ ನಿಂತವನು ಇಂತಹ ಹತ್ತು ಸುಲಭ ಪ್ರಶ್ನೆಗಳ ಸಮಯವನ್ನು ಅಲ್ಲಿಯೇ ಕಳೆದುಕೊಂಡಿರುತ್ತಾನೆ.

ಎಲ್ಲ ಪರೀಕ್ಷೆಗಳಲ್ಲಿಯೂ ಈ ಕ್ರಮ ಸಾಧ್ಯವಿಲ್ಲ. ಸಿಸ್ಕೊದ ಸಿಸಿಎನ್‌ಎಯಲ್ಲಿ ಒಮ್ಮೆ ಮುಂದಿನ ಪ್ರಶ್ನೆಗೆ ಹೋದ ಮೇಲೆ ಹಿಂದಕ್ಕೆ ಬರುವ ಅವಕಾಶವಿಲ್ಲ. ಅಲ್ಲಿ ಪ್ರತಿ ಪ್ರಶ್ನೆಗೂ ಗರಿಷ್ಠ ಮಿತಿಯೊಂದನ್ನು ಮೊದಲೇ ಗೊತ್ತುಮಾಡಿಕೊಂಡು, ಮಿತಿ ಮೀರಿದಾಗ ಹೆಚ್ಚು ಸಂಭವನೀಯವಾದ ಉತ್ತರವನ್ನು ಗುರುತಿಸಿ ಮುಂದೆ ಸಾಗಬೇಕು. ಎ ಪ್ಲಸ್ ಪರೀಕ್ಷೆಯಲ್ಲಿ ಕೆಲಸ ಮಾಡಿ ತೋರಿಸಬೇಕಾದ ಪ್ರಶ್ನೆಗಳೂ ಇರುತ್ತವೆ. ಇವು ಸಾಮಾನ್ಯ ಪ್ರಶ್ನೆಗಳಿಗಿಂತ ಹೆಚ್ಚು ಸಮಯ ಹಿಡಿಯುವುದರಿಂದ, ಅವುಗಳನ್ನು ಗುರುತು ಹಾಕಿ ನಂತರಕ್ಕೆ ಇಟ್ಟುಕೊಳ್ಳುವ ಅಭ್ಯರ್ಥಿಗಳು ಹಲವರಿದ್ದಾರೆ. ಹಾಗೆ ಮಾಡುವವರು ಕೊನೆಯಲ್ಲಿ ಸಾಕಷ್ಟು ನಿಮಿಷಗಳನ್ನು ಕಾದಿರಿಸಿಕೊಂಡಿರಬೇಕು.

ಉತ್ತರಿಸದೆ ಬಿಡುವ ಪ್ರಶ್ನೆಗಳು

ನೀಟ್ ಮುಂತಾದ ಪ್ರವೇಶ ಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಇದೆ. ಅದಕ್ಕೆ ಹೊಂದಿಕೊಂಡ ವಿದ್ಯಾರ್ಥಿಗಳು ಖಚಿತವಿಲ್ಲದ ಪ್ರಶ್ನೆಗಳನ್ನು ಖಾಲಿ ಬಿಡುವುದು ರೂಢಿ. ಸಿಸಿಸಿ ಮತ್ತು ಅಮೆಜಾನ್ ವೆಬ್ ಸರ್ವಿಸಸ್‌ನ ಪರೀಕ್ಷೆಗಳಲ್ಲಿ ಋಣಾಂಕವಿಲ್ಲ. ಖಾಲಿ ಬಿಟ್ಟ ಪ್ರಶ್ನೆಯೂ ತಪ್ಪು ಉತ್ತರವೂ ಒಂದೇ. ನಾಲ್ಕು ಆಯ್ಕೆಗಳುಳ್ಳ ಹತ್ತು ಪ್ರಶ್ನೆಗಳನ್ನು ಊಹೆಯಿಂದ ಗುರುತಿಸಿದರೂ ಸರಾಸರಿ ಎರಡೂವರೆ ಅಂಕಗಳು ಲಭಿಸುವ ಸಂಭವವಿದೆ. ಪ್ರತಿ ಪ್ರಶ್ನೆಯಲ್ಲಿ ಎರಡು ಅಸಂಗತ ಆಯ್ಕೆಗಳನ್ನು ತಳ್ಳಿಹಾಕಬಲ್ಲವನಿಗೆ ಅದು ಐದಕ್ಕೇರುತ್ತದೆ. ಆದುದರಿಂದ ಪರೀಕ್ಷೆಗೆ ಹೋಗುವ ಮೊದಲು ಋಣಾಂಕದ ನಿಯಮವನ್ನು ಸೂಚನಾಪತ್ರದಲ್ಲಿ ಓದಿಕೊಳ್ಳುವುದು ಅತ್ಯವಶ್ಯ.

ಅಭ್ಯಾಸದ ಕ್ರಮ

ಎಲ್ಲ ಪ್ರಮುಖ ಪರೀಕ್ಷೆಗಳಿಗೂ ಅಧಿಕೃತ ಪಠ್ಯಸೂಚಿ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಕಂಪನಿಗಳ ಪಠ್ಯಸೂಚಿಯಲ್ಲಿ ಪ್ರತಿ ವಿಭಾಗದ ತೂಕವನ್ನು ಶೇಕಡಾವಾರು ಸೂಚಿಸಿರುವುದುಂಟು. ಓದಿನ ಸಮಯವನ್ನು ಅದೇ ಪ್ರಮಾಣದಲ್ಲಿ ಹಂಚಿಕೊಳ್ಳಬಹುದು. ಪಠ್ಯಸೂಚಿಯನ್ನು ನೋಡದೆ ತರಬೇತಿ ಕೇಂದ್ರದ ಟಿಪ್ಪಣಿಯನ್ನಷ್ಟೇ ನೆಚ್ಚಿಕೊಂಡರೆ ತೊಂದರೆಯಾಗುವುದುಂಟು. ಉದಾಹರಣೆಗೆ, ಸಿಸಿಸಿಯ ಪರಿಷ್ಕೃತ ಪಠ್ಯಕ್ರಮವು ಲಿಬ್ರೆಆಫೀಸ್ ತಂತ್ರಾಂಶವನ್ನು ಆಧರಿಸಿದೆ. ಮೈಕ್ರೋಸಾಫ್ಟ್ ಆಫೀಸನ್ನು ಮಾತ್ರ ಕಲಿತವರಿಗೆ ಪಟ್ಟಿಗಳ ಹೆಸರುಗಳೂ ಕಡತಗಳ ವಿಸ್ತರಣೆಗಳೂ ಅಪರಿಚಿತವೆನಿಸುತ್ತವೆ.

ಪರೀಕ್ಷೆ ಕೈಕೆಲಸವನ್ನು ಕೇಳುವುದಾದರೆ ಓದು ಸಾಲದು, ಕೈ ಪಳಗಬೇಕು. ಕನ್ನಡ ಬೆರಳಚ್ಚು ಇದಕ್ಕೆ ಉತ್ತಮ ನಿದರ್ಶನ. ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿರುವ ನುಡಿ ತಂತ್ರಾಂಶವನ್ನು ಕನ್ನಡ ಗಣಕ ಪರಿಷತ್ತು ರೂಪಿಸಿತು. ಅದರ ಕೀಲಿಮಣೆ ವಿನ್ಯಾಸಕ್ಕೆ ಕೆ. ಪಿ. ರಾವ್ ಅವರ ವಿನ್ಯಾಸವೇ ಆಧಾರ. ಇದರಲ್ಲಿ ಒತ್ತಕ್ಷರ ಮೂಡಿಸಲು ಎರಡು ವ್ಯಂಜನಗಳ ನಡುವೆ ಎಫ್ ಕೀಲಿಯನ್ನು ಒತ್ತಬೇಕು. ನಿಯಮವನ್ನು ಒಂದೇ ನಿಮಿಷದಲ್ಲಿ ತಿಳಿಯಬಹುದಾದರೂ, ಯೋಚಿಸದೆ ಬೆರಳು ಅಲ್ಲಿಗೆ ಹೋಗಲು ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ವಾರಗಳ ಅಭ್ಯಾಸ ಬೇಕು.

ಪರೀಕ್ಷೆಗೆ ಎರಡು ಮೂರು ವಾರಗಳಿರುವಾಗ ಪೂರ್ಣಾವಧಿಯ ಅಣಕು ಪರೀಕ್ಷೆಗಳನ್ನು ಆರಂಭಿಸುವುದು ಒಳಿತು. ಅಣಕು ಪರೀಕ್ಷೆಯ ಅಂಕಕ್ಕಿಂತ ಅದರ ವಿಶ್ಲೇಷಣೆ ಮುಖ್ಯ. ತಪ್ಪಿದ ಪ್ರತಿ ಪ್ರಶ್ನೆಯ ಎದುರು ‘ವಿಷಯ ತಿಳಿದಿರಲಿಲ್ಲ’, ‘ಪ್ರಶ್ನೆಯನ್ನು ತಪ್ಪಾಗಿ ಓದಲಾಯಿತು’, ‘ಸಮಯ ಸಾಲಲಿಲ್ಲ’ ಎಂಬ ಮೂರರಲ್ಲಿ ಒಂದು ಕಾರಣವನ್ನು ಬರೆದಿಟ್ಟರೆ ಮುಂದಿನ ವಾರ ಏನು ಮಾಡಬೇಕೆಂಬುದು ಸ್ಪಷ್ಟವಾಗುತ್ತದೆ. ಸೋರಿಕೆಯಾದ ನೈಜ ಪ್ರಶ್ನೆಗಳೆಂದು ಮಾರಾಟವಾಗುವ ಸಂಗ್ರಹಗಳನ್ನು ಬಳಸುವುದು ಪರೀಕ್ಷಾ ಸಂಸ್ಥೆಗಳ ನಿಯಮಗಳಿಗೆ ವಿರುದ್ಧ. ಪತ್ತೆಯಾದಲ್ಲಿ ಪ್ರಮಾಣಪತ್ರ ರದ್ದಾಗಬಹುದು.

ಭಾಷೆಯ ಪ್ರಶ್ನೆ

ಜೋಯಿಡಾ, ಹಳಿಯಾಳ ಭಾಗದ ಅನೇಕ ಮನೆಗಳಲ್ಲಿ ಕೊಂಕಣಿ ಅಥವಾ ಮರಾಠಿ ಮಾತೃಭಾಷೆ. 1960ರ ದಶಕದಿಂದ ಟಿಬೆಟಿಯನ್ ನೆಲೆಯಿರುವ ಮುಂಡಗೋಡದಲ್ಲಿ ಟಿಬೆಟಿಯನ್ ಭಾಷಿಕರೂ ಇದ್ದಾರೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂಬಂತಹ ಅಭ್ಯರ್ಥಿಗೆ ಪ್ರಶ್ನೆಯನ್ನು ಓದುವುದಕ್ಕೇ ಹೆಚ್ಚು ಸಮಯ ತಗಲುತ್ತದೆ. ಇದು ಜ್ಞಾನದ ಕೊರತೆಯಲ್ಲ; ಆದರೆ ಗಡಿಯಾರ ಆ ವ್ಯತ್ಯಾಸವನ್ನು ಪರಿಗಣಿಸುವುದಿಲ್ಲ.

ಇದಕ್ಕೆ ಪರಿಹಾರಗಳಿವೆ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವಾಗ ಅಮೆಜಾನ್ ವೆಬ್ ಸರ್ವಿಸಸ್ 30 ನಿಮಿಷಗಳ ಹೆಚ್ಚುವರಿ ಸಮಯ ನೀಡುತ್ತದೆ. ಪರೀಕ್ಷೆಯ ದಿನಾಂಕವನ್ನು ಕಾಯ್ದಿರಿಸುವ ಮೊದಲೇ ಇದಕ್ಕೆ ಮನವಿ ಸಲ್ಲಿಸಬೇಕು. ಈ ಸೌಲಭ್ಯದಿಂದ ಕ್ಲೌಡ್ ಪ್ರಾಕ್ಟೀಷನರ್‌ನ ಪ್ರತಿ ಪ್ರಶ್ನೆಗೆ ದೊರೆಯುವ ಸಮಯ 83 ಸೆಕೆಂಡುಗಳಿಂದ ಸುಮಾರು 110ಕ್ಕೆ ಏರುತ್ತದೆ. ಜೊತೆಗೆ, ಪ್ರಶ್ನೆಯ ಅರ್ಥವನ್ನೇ ತಿರುಗಿಸುವ ‘ನಾಟ್’, ‘ಎಕ್ಸೆಪ್ಟ್’, ‘ಲೀಸ್ಟ್’, ‘ಮೋಸ್ಟ್’ ಎಂಬ ಪದಗಳನ್ನು ಮೊದಲು ಗುರುತಿಸುವ ಅಭ್ಯಾಸ ಮಾಡಿಕೊಳ್ಳಬೇಕು. ದೀರ್ಘ ಪ್ರಶ್ನೆಗಳಲ್ಲಿ ಕೊನೆಯ ವಾಕ್ಯವನ್ನು ಮೊದಲು ಓದಿದರೆ ಕೇಳಿರುವುದೇನೆಂಬುದು ತಿಳಿಯುತ್ತದೆ. ಆನಂತರ ಮೇಲಿನ ವಿವರಗಳಲ್ಲಿ ಬೇಕಾದುದನ್ನು ಮಾತ್ರ ಆರಿಸಿಕೊಳ್ಳಬಹುದು.

ದೂರ, ಮಳೆ ಮತ್ತು ವಿದ್ಯುತ್ತು

ಹಳಿಯಾಳದಲ್ಲಿ ಕೆಎಲ್‌ಎಸ್ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಸಂಸ್ಥೆ ಎಂಬ ಎಂಜಿನಿಯರಿಂಗ್ ಕಾಲೇಜಿದೆ. ಆದರೂ ಅಂತರರಾಷ್ಟ್ರೀಯ ಪರೀಕ್ಷೆಗಳಿಗೆ ಈ ನಾಲ್ಕು ತಾಲ್ಲೂಕುಗಳ ಅಭ್ಯರ್ಥಿಗಳು ಸಾಮಾನ್ಯವಾಗಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಂತಹ ನಗರಗಳತ್ತ ನೋಡಬೇಕಾಗುತ್ತದೆ. ಮನೆಯಿಂದಲೇ ಬರೆಯುವ ಸೌಲಭ್ಯ ಹಲವು ಪರೀಕ್ಷೆಗಳಿಗಿದೆ. ಆದರೆ ಅದಕ್ಕೆ ಪ್ರತ್ಯೇಕ ಕೊಠಡಿ, ಕ್ಯಾಮೆರಾ ಮತ್ತು ಆದ್ಯಂತ ಕಡಿಯದ ಅಂತರಜಾಲ ಸಂಪರ್ಕ ಬೇಕು. ಸಂಪರ್ಕ ತಪ್ಪಿದರೆ ಪರೀಕ್ಷೆಯೇ ನಿಂತುಹೋಗಬಹುದು. ಕಾಡಿನ ನಡುವೆ ಚದುರಿದ ಹಳ್ಳಿಗಳಿರುವ ಜೋಯಿಡಾದಲ್ಲಿ, ಅದರಲ್ಲಿಯೂ ಮಳೆಗಾಲದಲ್ಲಿ, ವಿದ್ಯುತ್ತು ಮತ್ತು ಸಂಪರ್ಕಗಳನ್ನು ನೆಚ್ಚುವುದು ಕಷ್ಟ. ಅಲ್ಲಿನ ಅಭ್ಯರ್ಥಿಗೆ ಪ್ರಯಾಣದ ಖರ್ಚು ಬಂದರೂ ಪರೀಕ್ಷಾ ಕೇಂದ್ರವೇ ಸುರಕ್ಷಿತ ಆಯ್ಕೆ.

ದಿನಾಂಕ ಆರಿಸುವ ಸ್ವಾತಂತ್ರ್ಯವಿದ್ದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳನ್ನು ಬಿಡುವುದು ಲೇಸು. ಬೆಳಗಿನ ಸರದಿಗೆ ಮೊದಲ ಬಸ್ಸನ್ನು ನಂಬುವುದಕ್ಕಿಂತ ಹಿಂದಿನ ದಿನವೇ ನಗರ ತಲುಪುವುದು ಅಥವಾ ಮಧ್ಯಾಹ್ನದ ಸರದಿಯನ್ನು ಆರಿಸಿಕೊಳ್ಳುವುದು ಉತ್ತಮ. ತಡವಾಗಿ ಬಂದವರಿಗೆ ಪ್ರವೇಶ ನಿರಾಕರಿಸಿ ಶುಲ್ಕವನ್ನು ಮುಟ್ಟುಗೋಲು ಹಾಕಿಕೊಳ್ಳುವ ನಿಯಮ ಸಾಮಾನ್ಯವಾಗಿದೆ. ಇಂಟರ್ನೆಟ್ ಇಲ್ಲದ ವೇಳೆಯಲ್ಲಿಯೂ ಓದು ನಿಲ್ಲದಂತೆ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಕಂಪ್ಯೂಟರ್ ಸೌಲಭ್ಯವಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇದಕ್ಕೆ ನೆರವಾಗಬಲ್ಲವು.

ನೋಂದಣಿಯಲ್ಲಿ ನೀಡುವ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಬೇಕು. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಗುರುತಿನ ಚೀಟಿಯಲ್ಲಿ ಮನೆತನದ ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ. ಈ ವ್ಯತ್ಯಾಸವನ್ನು ಪರೀಕ್ಷೆಯ ದಿನ ಸರಿಪಡಿಸಲಾಗದು.

ಮರುಪ್ರಯತ್ನ ಮತ್ತು ಮಾನ್ಯತೆ

ಅನುತ್ತೀರ್ಣರಾದವರು ಮತ್ತೆ ಬರೆಯಲು ಹಲವು ಸಂಸ್ಥೆಗಳು ಕಾಯುವ ಅವಧಿಯನ್ನು ನಿಗದಿಪಡಿಸಿವೆ. ಅಮೆಜಾನ್ ವೆಬ್ ಸರ್ವಿಸಸ್‌ನಲ್ಲಿ ಅದು 14 ದಿನಗಳು. ಮೈಕ್ರೋಸಾಫ್ಟ್‌ನಲ್ಲಿ ಮೊದಲ ಸೋಲಿನ ನಂತರ 24 ಗಂಟೆಗಳು, ಎರಡನೆಯದರ ನಂತರ 14 ದಿನಗಳು. ಪ್ರತಿ ಬಾರಿಯೂ ಶುಲ್ಕವನ್ನು ಹೊಸದಾಗಿ ತುಂಬಬೇಕಾಗುವುದರಿಂದ, ಅಣಕು ಪರೀಕ್ಷೆಗಳಲ್ಲಿ ಉತ್ತೀರ್ಣತೆಯ ಗೆರೆಗಿಂತ ಸ್ಥಿರವಾಗಿ ಮೇಲಿರುವವರೆಗೆ ದಿನಾಂಕ ಕಾಯ್ದಿರಿಸದಿರುವುದು ವಿವೇಕ. ಫಲಿತಾಂಶದ ಜೊತೆಗೆ ವಿಭಾಗವಾರು ಸಾಧನೆಯ ವಿವರ ದೊರೆತಲ್ಲಿ, ಕಾಯುವ ದಿನಗಳನ್ನು ದುರ್ಬಲ ವಿಭಾಗಗಳಿಗೆ ವಿನಿಯೋಗಿಸಬಹುದು. ಅಮೆಜಾನ್ ವೆಬ್ ಸರ್ವಿಸಸ್, ಸಿಸಿಎನ್‌ಎ ಮತ್ತು ಎ ಪ್ಲಸ್ ಪ್ರಮಾಣಪತ್ರಗಳ ಮಾನ್ಯತೆ ಮೂರು ವರ್ಷಗಳು. ಆನಂತರ ಅವುಗಳನ್ನು ನವೀಕರಿಸಿಕೊಳ್ಳಬೇಕು.