ಎರಡು ಕೀಲಿಯ ಪೆಟ್ಟಿಗೆ

ಬ್ಯಾಂಕಿನ ಲಾಕರ್ ತೆರೆಯಲು ಎರಡು ಕೀಲಿ ಬೇಕು. ಒಂದು ಬ್ಯಾಂಕಿನದು, ಇನ್ನೊಂದು ಗ್ರಾಹಕರದು. ಬಿಸ್ಕ್ ಎಂಬ ಬಿಟ್‌ಕಾಯಿನ್ ಮಾರುಕಟ್ಟೆಯಲ್ಲೂ ಇಂಥದೇ ಜೋಡಿ ಕೀಲಿಯ ಪೆಟ್ಟಿಗೆಯಿದೆ. ಆದರೆ ಅಲ್ಲಿ ಬ್ಯಾಂಕೂ ಇಲ್ಲ, ಮ್ಯಾನೇಜರೂ ಇಲ್ಲ. ಒಂದು ಕೀಲಿ ಮಾರುವವರ ಕೈಯಲ್ಲಿ, ಇನ್ನೊಂದು ಕೊಳ್ಳುವವರ ಕೈಯಲ್ಲಿ.

ಸಾಮಾನ್ಯವಾಗಿ ಬಿಟ್‌ಕಾಯಿನ್ ಬೇಕಾದವರು ಯಾವುದಾದರೂ ಎಕ್ಸ್‌ಚೇಂಜ್‌ನಲ್ಲಿ ಖಾತೆ ತೆರೆಯುತ್ತಾರೆ. ಆಧಾರ್, ಪ್ಯಾನ್, ಸೆಲ್ಫಿ ಎಲ್ಲವನ್ನೂ ಕೊಡುತ್ತಾರೆ. ಕೊಂಡ ನಾಣ್ಯವೂ ಅನೇಕ ವೇಳೆ ಅಲ್ಲೇ ಉಳಿಯುತ್ತದೆ. ಹೀಗೆ ಒಂದೇ ಕಡೆ ರಾಶಿ ಬಿದ್ದ ಸಂಪತ್ತಿನ ಮೇಲೆ ಕಳ್ಳರ ಕಣ್ಣು ಬೀಳದೆ ಇರುವುದಿಲ್ಲ. 2014ರಲ್ಲಿ ಟೋಕಿಯೊದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ ಮುಳುಗಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿದ್ದವು. 2024ರ ಜುಲೈನಲ್ಲಿ ಭಾರತದ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. 2025ರಲ್ಲಿ ಬೆಳಕಿಗೆ ಬಂದಂತೆ, ಅಮೆರಿಕದ ಕಾಯಿನ್‌ಬೇಸ್‌ನಿಂದ ಹೋದದ್ದು ಗ್ರಾಹಕರ ವಿವರ. ಸಹಾಯವಾಣಿಯ ಕೆಲವು ಕೆಲಸಗಾರರಿಗೆ ಲಂಚ ಕೊಟ್ಟು, ಸುಮಾರು 69 ಸಾವಿರ ಜನರ ಹೆಸರು, ವಿಳಾಸ, ಗುರುತಿನ ಚೀಟಿಯ ಚಿತ್ರಗಳನ್ನು ದೋಚಿದ್ದರು. ಹೋದ ಹಣ ಇಂದಲ್ಲ ನಾಳೆ ಮರಳೀತು. ಸೋರಿಹೋದ ಮನೆ ವಿಳಾಸವನ್ನು ಹಿಂದಕ್ಕೆ ತಂದುಕೊಡುವವರು ಯಾರು? ಗುರುತು ಕೊಡಲು ಹಿಂಜರಿಯುವವರೆಲ್ಲ ಅಪರಾಧಿಗಳೆಂದು ತಿಳಿಯುವುದು ದೊಡ್ಡ ತಪ್ಪು.

ಬಿಸ್ಕ್ ಶುರುವಾದದ್ದು 2016ರಲ್ಲಿ, ಬಿಟ್‌ಸ್ಕ್ವೇರ್ ಎಂಬ ಹೆಸರಿನಲ್ಲಿ. ಅದು ಪ್ರತಿಯೊಬ್ಬರ ಕಂಪ್ಯೂಟರಿನಲ್ಲೇ ನಡೆಯುವ ತಂತ್ರಾಂಶ. ಮಾತುಕತೆ, ಬಳಸುವವರ ಜಾಡು ಅಡಗಿಸುವ ಟಾರ್ ಜಾಲದ ಮರೆಯಲ್ಲಿ ಸಾಗುತ್ತದೆ. ಜರ್ಮನಿಯ ಒಬ್ಬಾಕೆ 0.01 ಬಿಟ್‌ಕಾಯಿನ್ ಮಾರಲು ಹೊರಟಿದ್ದಾಳೆ, ಇಟಲಿಯ ಒಬ್ಬಾತ ಕೊಳ್ಳಲು ಒಪ್ಪಿದ್ದಾನೆ ಎಂದುಕೊಳ್ಳಿ. ಇಬ್ಬರೂ ಶೇ 15ರಂತೆ 0.0015 ಬಿಟ್‌ಕಾಯಿನ್ ಠೇವಣಿ ಇಡುತ್ತಾರೆ. ಮಾರುವ ನಾಣ್ಯವೂ ಸೇರಿ ಪೆಟ್ಟಿಗೆಯಲ್ಲಿ 0.013 ಬಿಟ್‌ಕಾಯಿನ್‌ಗೆ ಬೀಗ ಬೀಳುತ್ತದೆ. ಆತ ತನ್ನ ಬ್ಯಾಂಕಿನಿಂದ ನೇರವಾಗಿ ಆಕೆಯ ಖಾತೆಗೆ ಯೂರೊ ಕಳಿಸಿ, ‘ಕಳಿಸಿದೆ’ ಎಂಬ ಗುಂಡಿ ಒತ್ತುತ್ತಾನೆ. ಆಕೆ ಖಾತೆ ನೋಡಿ ‘ಬಂತು’ ಎಂದು ಒತ್ತಿದಾಗಷ್ಟೇ ಬೀಗ ತೆರೆಯುತ್ತದೆ: ಅವನಿಗೆ ನಾಣ್ಯ, ಇಬ್ಬರಿಗೂ ಠೇವಣಿ. ಯಾರಾದರೂ ಮೋಸಕ್ಕಿಳಿದರೆ ಠೇವಣಿ ಕೈತಪ್ಪುವ ಭಯವಿದೆ. ಪರಿಚಯವೇ ಇಲ್ಲದ ಇಬ್ಬರನ್ನು ಮಾತಿಗೆ ಕಟ್ಟಿಹಾಕುವುದು ಈ ಭಯವೇ.

ಹಾಗೆಂದು ಈ ಬೀಗವನ್ನು ಯಾರೂ ಮುರಿದಿಲ್ಲ ಎನ್ನುವಂತಿಲ್ಲ. ವ್ಯವಹಾರ ಮುಗಿಯದೆ ಗಡುವು ಮೀರಿದರೆ ಪೆಟ್ಟಿಗೆಯ ಹಣ ಪೂರ್ವನಿಗದಿತ ವಿಳಾಸವೊಂದಕ್ಕೆ ಹೋಗುವ ಏರ್ಪಾಡಿತ್ತು. 2020ರ ಏಪ್ರಿಲ್‌ನಲ್ಲಿ ಒಬ್ಬ ಕಳ್ಳ ಆ ಜಾಗದಲ್ಲಿ ತನ್ನದೇ ವಿಳಾಸ ತೂರಿಸಿ, ಗಡುವು ಕಳೆಯುವವರೆಗೆ ಸುಮ್ಮನೆ ಕಾದ. ಸುಮಾರು 3 ಬಿಟ್‌ಕಾಯಿನ್, 4,000 ಮೊನೆರೊ ಎಂಬ ಇನ್ನೊಂದು ಕ್ರಿಪ್ಟೊ ನಾಣ್ಯ ಅವನ ಪಾಲಾದವು. ಬಿಸ್ಕ್ ಕಟ್ಟಿದವರು ವ್ಯಾಪಾರ ನಿಲ್ಲಿಸಿ, ದೋಷ ಸರಿಪಡಿಸಿ, ಕಳೆದುಕೊಂಡವರಿಗೆ ಮಾರುಕಟ್ಟೆಯ ಮುಂದಿನ ಆದಾಯದಿಂದ ತೀರಿಸುವ ಯೋಜನೆ ಮಾಡಿದರು.

ತೊಡಕುಗಳು ಇನ್ನೂ ಇವೆ. ಠೇವಣಿಗೆಂದು ಕೊಳ್ಳುವವರ ಬಳಿಯೂ ಮೊದಲೇ ಸ್ವಲ್ಪ ಬಿಟ್‌ಕಾಯಿನ್ ಇರಬೇಕು. ಅಲ್ಲದೆ ಇಲ್ಲಿನ ಗೌಪ್ಯತೆ ಅರೆಬರೆ. ಹಣ ಹಾಕಿದವರ ಹೆಸರು ಎದುರಿನವರಿಗೆ ಕಾಣುತ್ತದೆ, ಬ್ಯಾಂಕಿನ ಪುಸ್ತಕದಲ್ಲಿ ದಾಖಲಾಗುತ್ತದೆ. ಬಿಟ್‌ಕಾಯಿನ್‌ನ ಲೆಕ್ಕವಂತೂ ಲೋಕಕ್ಕೆಲ್ಲ ತೆರೆದದ್ದು. ತಪ್ಪುವುದು ಒಂದೇ, ಸಾವಿರಾರು ಜನರ ಗುರುತಿನ ಚೀಟಿಗಳು ಒಂದೇ ಕಪಾಟಿನಲ್ಲಿ ಕೂಡುವ ಅಪಾಯ. ಅದೇನೂ ಸಣ್ಣ ಲಾಭವಲ್ಲ.

ಭಾರತದಲ್ಲಿ ಕೈಯಿಂದ ಕೈಗೆ ಕೊಡುಕೊಳ್ಳುವ ಈ ರೂಢಿ ಬಲವಾದದ್ದು ಕಷ್ಟಕಾಲದಲ್ಲಿ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಕೂಡದೆಂದು ಬ್ಯಾಂಕುಗಳಿಗೆ ಹೇಳಿತು. ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಆ ಸುತ್ತೋಲೆಯನ್ನು ರದ್ದು ಮಾಡುವವರೆಗೆ ಜನ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ರೂಪಾಯಿ ಹಾಕಿಯೇ ನಾಣ್ಯ ಕೊಂಡರು. ಇಲ್ಲಿನ ನಿಜವಾದ ಗಂಡಾಂತರ ಇರುವುದು ಆ ರೂಪಾಯಿಯಲ್ಲೇ. ಸೈಬರ್ ವಂಚಕ ಕದ್ದ ಹಣದಿಂದ ನಾಣ್ಯ ಕೊಂಡರೆ, ಮೋಸಹೋದವರು ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟಾಗ ಆ ಹಣ ಹರಿದ ಖಾತೆಗಳ ಮೇಲೆಲ್ಲ ತಡೆ ಬೀಳಬಹುದು. ಏನೂ ಅರಿಯದೆ ಮಾರಿದವರ ಸಂಬಳದ ಖಾತೆಯೂ ಅದರಲ್ಲಿ ಸೇರಬಹುದು.

ತೆರಿಗೆಯಿಂದಲೂ ಬಿಡುಗಡೆಯಿಲ್ಲ. ಲಾಭದ ಮೇಲೆ ಶೇ 30. ಅದರ ಜೊತೆಗೆ 2022ರ ಜುಲೈನಿಂದ, ನಿಗದಿತ ಮಿತಿ ದಾಟಿದ ವ್ಯವಹಾರಕ್ಕೆ ಶೇ 1 ಟಿಡಿಎಸ್. ನಡುವೆ ಎಕ್ಸ್‌ಚೇಂಜ್ ಇಲ್ಲದಾಗ ಅದನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದೇ. ಹಾಗೆ ಕಟ್ಟುವ ನಮೂನೆಯಲ್ಲಿ ಮಾರಿದವರ ಪ್ಯಾನ್ ಸಂಖ್ಯೆ ತುಂಬಬೇಕು. ಗುರುತು ಕೊಡದೆ ಕೊಳ್ಳಲು ಹೊರಟವರು ಕೊನೆಗೆ ಎದುರಿನವರ ಗುರುತು ಕೇಳಬೇಕಾಗುತ್ತದೆ.